ಕತ್ತರಿ ಸಾಹೇಬರ ದುರಸ್ತಿ

ಕತ್ತರಿ ಸಾಹೇಬರು ಎಂಬ ಹೆಸರನ್ನು ಅವರಿಗೆ ಇಟ್ಟದ್ದು ಕಚೇರಿಯವರು. ಮೂವತ್ತೈದು ವರ್ಷ ದಾಖಲೆ ಕೋಣೆ ನೋಡಿಕೊಂಡ ಮನುಷ್ಯ. ಏಳು ವರ್ಷದಿಂದ ಯಾರೂ ತೆರೆದು ನೋಡದ ಕಡತವನ್ನು ಕತ್ತರಿಸಿ ವಿಲೇವಾರಿ ಮಾಡುವುದು ಅವರ ಕೆಲಸ. ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದ್ದರೆಂದರೆ, ಬೀಳ್ಕೊಡುಗೆಯ ದಿನ ಅವರದೇ ಸೇವಾ ಪುಸ್ತಕ ಸಿಗದೆ, ಇವರು ಯಾವ ವರ್ಷ ಕೆಲಸಕ್ಕೆ ಸೇರಿದರು ಎಂದು ಭಾಷಣಕಾರರು ಇವರನ್ನೇ ಕೇಳಬೇಕಾಯಿತು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ತಮ್ಮನ್ನು ನೋಡಿ ತಾವೇ ನಗುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ. ತಿದ್ದಿಕೊಳ್ಳುವುದರಲ್ಲಿ ಮಾತ್ರ ಸ್ವಲ್ಪ ನಿಧಾನ.

ಹೆಂಡತಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಇಡೀ ಬೀದಿಗೆ ಅವರು ಟೀಚರ್. ಈಗ ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಾರೆ. ಓದುವ ಜಾಗ ಬಟ್ಟೆ ಬೀರು. ಗೋಡೆಗೆ ಸೇರಿಸಿ ಮಾಡಿಸಿದ ಆ ದೊಡ್ಡ ಬೀರುವಿನ ಕೆಳಗಿನ ಹಲಗೆಗಳನ್ನು ತೆಗೆಸಿ, ಒಳಗೊಂದು ಸ್ಟೂಲು ಇಟ್ಟು, ಪುಟ್ಟ ದೀಪ ಹಾಕಿಸಿಕೊಂಡಿದ್ದಾರೆ. ಸುತ್ತ ಕೋಟು, ಕಂಬಳಿ, ಹಳೇ ಸ್ವೆಟರುಗಳು. ಬೀದಿಯ ಗದ್ದಲ ಒಳಗೆ ಬರುವುದಿಲ್ಲ, ಧ್ವನಿ ಗೋಡೆಗೆ ಬಡಿದು ಮೊಳಗುವುದಿಲ್ಲ. ಮೈಕಿನ ವೈರು ಬಾಗಿಲ ಸಂದಿಯಿಂದ ಹೊರಗೆ ಬಂದು, ಪಕ್ಕದ ಮೇಜಿನ ಮೇಲಿನ ಹಳೇ ಕಂಪ್ಯೂಟರಿಗೆ ಸೇರುತ್ತದೆ.

ಈ ಸಲ ಓದಿದ್ದು ಆಸ್ಪತ್ರೆಯ ಟೆಲಿಫೋನ್ ಆಪರೇಟರಮ್ಮನಿಗಾಗಿ. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಸೋಮವಾರ ಅವರ ಬಡ್ತಿ ಪರೀಕ್ಷೆ, ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಉಳಿದಿರುವ ಕೊನೆಯ ಅವಕಾಶ. ಓದಬೇಕಾದ ಪುಸ್ತಕ ಒಂದೇ, ಕಚೇರಿ ನಿಯಮಾವಳಿ, ಹನ್ನೆರಡು ಪಾಠ. ಅರ್ಧಕ್ಕರ್ಧವನ್ನು ಆಗಲೇ ಕೇಳಿ ಮುಗಿಸಿದ್ದರು. ಪೂರ್ತಿಯಾದದ್ದನ್ನು ಶನಿವಾರ ಸಂಜೆ ಬಂದು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಿ, ಒಂದೂವರೆ ದಿನ ಕೂತು ಮತ್ತೆ ಕೇಳುವುದೆಂದು ಮಾತಾಗಿತ್ತು. ಟೀಚರ್ ಬುಧವಾರವೇ ಓದಿ ಮುಗಿಸಿ, ಗುರುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೊರಟರು.

"ರೀ, ಆ ಕಂಪ್ಯೂಟರ್ ಜಾಗ ಇಲ್ಲ ಜಾಗ ಇಲ್ಲ ಅಂತ ಗೋಳಾಡ್ತಿದೆ. ನಾಳೆ ಸಂಜೆ ಬಂದು ನಾನೇ ನೋಡ್ಕೋತೀನಿ. ನೀವು ಅದರ ಹತ್ರ ಹೋಗ್ಬೇಡಿ."

"ನಾನ್ಯಾಕೆ ಹೋಗ್ಲಿ," ಎಂದರು ಸಾಹೇಬರು.

ಹತ್ತು ಗಂಟೆಗೆ ಅದರ ಮುಂದೆ ಕೂತಿದ್ದರು. ಕೆಟ್ಟ ಬುದ್ಧಿಯಿಂದಲ್ಲ, ಪಾಪ. ಜಾಗ ಇಲ್ಲ ಎಂಬ ದೂರು ಕಿವಿಗೆ ಬಿದ್ದರೆ ಅವರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಹೆಂಡತಿ ಬರುವಷ್ಟರಲ್ಲಿ ಎಲ್ಲ ಚೊಕ್ಕ ಮಾಡಿಟ್ಟು, ಅವಳ ಬಾಯಲ್ಲಿ ಒಂದು ಭೇಷ್ ಅನ್ನಿಸಿಕೊಳ್ಳೋಣ ಎಂಬ ಆಸೆ. ನಿವೃತ್ತಿಯಾಗಿ ಎರಡು ವರ್ಷದಲ್ಲಿ ಆ ಮನೆಯಲ್ಲಿ ಅವರಿಗೆ ಸಿಕ್ಕಿದ್ದು 'ಸ್ವಲ್ಪ ಆ ಕಡೆ ಸರೀರಿ' ಎಂಬ ಮಾತೊಂದೇ.

ಮೊದಲು ಹೆಂಡತಿಯ ಪಾಠಗಳಿದ್ದ ಫೋಲ್ಡರ್ ತೆರೆದರು. ಅಲ್ಲಿ 'ಪಾಠ ೯' ಎಂದು ಒಂದು, 'ಪಾಠ ೯ ಮತ್ತೆ' ಎಂದು ಇನ್ನೊಂದು. ಮೂಲ ಪ್ರತಿ ಉಳಿಯತಕ್ಕದ್ದು, ನಕಲು ಹೋಗತಕ್ಕದ್ದು. 'ಮತ್ತೆ' ಹೋಯಿತು. ಆಮೇಲೆ ಒಳಕ್ಕೆ ಇಳಿದರು. ಒಂದು ದೊಡ್ಡ ಫೋಲ್ಡರ್ ಸಿಕ್ಕಿತು, ಅದರೊಳಗೆ ಸಾವಿರಾರು ಫೈಲು. ಹೆಸರುಗಳಿಗೆ ತಲೆ ಇಲ್ಲ, ಬುಡ ಇಲ್ಲ, ನಾಲ್ಕು ಅಕ್ಷರಕ್ಕೆ ಎರಡು ಅಂಕಿ ಗಂಟು ಹಾಕಿದಂತಿದ್ದವು. ಪಕ್ಕದಲ್ಲಿ ತಾರೀಕು ನೋಡಿದರೆ ಹನ್ನೆರಡು ವರ್ಷ, ಹದಿಮೂರು ವರ್ಷ ಹಿಂದಿನದು. ಈ ಮನೆಯಲ್ಲಿ ಯಾರೂ ಇವುಗಳ ಮುಖ ನೋಡಿದವರಲ್ಲ. ಸಾಹೇಬರಿಗೆ ಹಳೇ ಹುರುಪು ಬಂತು. ಶರ್ಟಿನ ತೋಳು ಮಡಚಿದರು.

'ಖಂಡಿತ ಅಳಿಸಬೇಕೇ?' ಎಂದು ಕಂಪ್ಯೂಟರ್ ಕೇಳಿತು. ಕೆಳಗಿನ ನೌಕರರು ಹೀಗೆ ಅನುಮಾನ ಪಡುವುದು ಅವರಿಗೆ ಹೊಸದಲ್ಲ. ಹೌದು ಎಂದರು. ಕೆಲವು ಫೈಲುಗಳು 'ಬಳಕೆಯಲ್ಲಿದೆ' ಎಂದು ಜಪ್ಪಯ್ಯ ಅಂದರೂ ಹೋಗಲಿಲ್ಲ. ಪರವಾಗಿಲ್ಲ, ಡ್ಯೂಟಿ ಮೇಲಿರುವವರನ್ನು ಬಿಟ್ಟರು. ಉಳಿದದ್ದನ್ನೆಲ್ಲ ಕಸದ ಬುಟ್ಟಿಗೆ ತಳ್ಳಿ, ಅರೆಬರೆ ವಿಲೇವಾರಿ ಎಂದರೆ ತಮಗೆ ಆಗದು ಎಂದು ಬುಟ್ಟಿಯನ್ನೂ ಖಾಲಿ ಮಾಡಿದರು. ಮಿಷನ್ ಆಫ್ ಮಾಡಿ, ತಮ್ಮ ಬೆನ್ನು ತಾವೇ ತಟ್ಟಿಕೊಂಡು, ಟೀ ಮಾಡಿಕೊಂಡು ಕುಡಿದು, ಮತ್ತೆ ಆನ್ ಮಾಡಿದರು.

ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಮೂರು ಸಾಲು. ಇಂಥ ಫೈಲು ಕಾಣೆಯಾಗಿದೆ ಅಥವಾ ಹಾಳಾಗಿದೆ, ಆದ್ದರಿಂದ ಶುರುವಾಗಲು ಸಾಧ್ಯವಿಲ್ಲ. ಮೂಲ ಇನ್‌ಸ್ಟಾಲೇಷನ್ ಸಿಡಿ ಹಾಕಿ ದುರಸ್ತಿ ಮಾಡಿಕೊಳ್ಳಬಹುದು.

ಸಾಹೇಬರು ಆ ಮೂರು ಸಾಲನ್ನು ಎರಡು ಸಲ ಓದಿದರು. ಸಿಡಿ ಎಲ್ಲಿದೆ ಎಂದು ಹುಡುಕುವ ಗೊಡವೆ ಇರಲಿಲ್ಲ, ಅದು ಎಲ್ಲಿ ಹೋಯಿತೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮನೆಯ ವಿಲೇವಾರಿ ವಹಿ ತೆಗೆದು ನೋಡಿದರು. ಹೌದು, ಮನೆಗೂ ಒಂದು ವಹಿ ಇಟ್ಟಿದ್ದಾರೆ. ಮೂರು ವರ್ಷದ ಹಿಂದಿನ ಪುಟದಲ್ಲಿ ಅವರದೇ ದುಂಡು ಅಕ್ಷರ: 'ಸಿಡಿ ಒಂದು. ಏಳು ವರ್ಷದಿಂದ ಉಪಯೋಗವಿಲ್ಲ. ಎರಡು ತುಂಡು ಮಾಡಿ ವಿಲೇವಾರಿ ಮಾಡಲಾಯಿತು.' ಕೆಳಗೆ ಎರಡು ಸಹಿ, ಶಿಫಾರಸು ಮಾಡಿದವರದು ಮತ್ತು ಮಂಜೂರು ಮಾಡಿದವರದು. ಎರಡೂ ಅವರದೇ. ಇಂಥ ದಕ್ಷ ಅಧಿಕಾರಿಯನ್ನು ಇಲಾಖೆ ಹೇಗೆ ನಿವೃತ್ತಿ ಮಾಡಿ ಮನೆಗೆ ಕಳಿಸಿತೋ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಆ ಅಂಗಡಿಯ ಮುಂದೆ ಹಾಯುವಾಗೆಲ್ಲ ಸಾಹೇಬರು ಮುಖ ಸಿಂಡರಿಸುತ್ತಿದ್ದರು. ನೆಲದಿಂದ ಸೂರಿನವರೆಗೆ ಸತ್ತ ಮಾನಿಟರುಗಳು, ಕೀಬೋರ್ಡುಗಳು, ಯಾವ ಕಾಲದ್ದೋ ವೈರಿನ ಸಿಂಬಿಗಳು. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ದಾರಿಯ ಕೊನೆಯಲ್ಲಿ ಅಂಗಡಿಯಾಕೆ, ಕೈಯಲ್ಲಿ ಸ್ಕ್ರೂಡ್ರೈವರು.

"ಏನಾಯ್ತು ಸಾರ್?"

"ಏನಿಲ್ಲಮ್ಮ, ತಾನಾಗೇ ನಿಂತುಹೋಯ್ತು."

"ತಾನಾಗೇ ಏನೂ ಆಗಲ್ಲ. ಪರದೆ ಮೇಲೆ ಏನು ಬರ್ತಿದೆ?"

ಹೇಳಿದರು. ಆಕೆ ಸ್ಕ್ರೂಡ್ರೈವರು ಕೆಳಗಿಟ್ಟಳು. "ಏನಳಿಸಿದ್ರಿ?"

ಡಾಕ್ಟರ ಮುಂದೆ ಕೂತವರಂತೆ ಸಾಹೇಬರು ಎಲ್ಲವನ್ನೂ ಬಾಯಿಬಿಟ್ಟರು. ತಾರೀಕು, ಏಳು ವರ್ಷದ ನಿಯಮ, ಕಸದ ಬುಟ್ಟಿ. ಆಕೆ ನಗಬಾರದೆಂದು ತುಂಬ ಪ್ರಯತ್ನ ಪಟ್ಟಳು, ಆಗಲಿಲ್ಲ. "ಅವು ಕಂಪ್ಯೂಟರ್ ನಡೆಯೋದಕ್ಕೆ ಬೇಕಾದ ಫೈಲು ಸಾರ್. ನೀವು ತೆರೆದು ನೋಡ್ಲಿ ಅಂತ ಇಟ್ಟಿದ್ದಲ್ಲ. ದಿನಾ ಅದೇ ತೆರ್ಕೋತಿತ್ತು."

"ಅದು ಹೇಳ್ಬೇಕಿತ್ತಲ್ಲ."

"ಕೇಳ್ತಲ್ಲ, ಖಂಡಿತನಾ ಅಂತ."

ಸಾಹೇಬರು ಮಾತು ತಿರುಗಿಸಿದರು. ಮಿಷನ್ ತಂದುಕೊಟ್ಟರೆ ಎಷ್ಟು ದಿನವಾಗುತ್ತದೆ ಎಂದು ಕೇಳಿದರು. ಮುಂದಿನ ಬುಧವಾರ, ಎಂದಳು ಆಕೆ. ಸೋಮವಾರ ಪರೀಕ್ಷೆ, ಒಬ್ಬರ ಬಡ್ತಿ ಅದರೊಳಗಿದೆ ಎಂದರು ಸಾಹೇಬರು. ಆಕೆ ಮೂಲೆಯ ರಟ್ಟಿನ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈ ಹಾಕಿ, ಎರಡು ನಿಮಿಷ ತಡಕಾಡಿ, ಒಂದು ಸಿಡಿ ಹೊರಗೆ ತೆಗೆದಳು. ಅದೇ ಕಂಪನಿ, ಅದೇ ವರ್ಷ. ಸಾಹೇಬರಾಗಿದ್ದರೆ ಆ ಪೆಟ್ಟಿಗೆಯನ್ನು ಎಂದೋ ಗುಜರಿಗೆ ಹಾಕಿಸಿರುತ್ತಿದ್ದರು.

"ನೀವೇ ಮಾಡಿ. ಕಷ್ಟ ಏನಿಲ್ಲ, ಆದ್ರೆ ಗಮನ ಇಟ್ಟು ಕೇಳಿ. ಇದನ್ನ ಹಾಕಿ ಆನ್ ಮಾಡಿದ್ರೆ ದುರಸ್ತಿ ಬೇಕಾ ಅಂತ ಎರಡು ಸಲ ಕೇಳುತ್ತೆ. ಮೊದಲ್ನೇ ಸಲ ಕೇಳಿದಾಗ ಒಪ್ಕೋಬೇಡಿ, ಅದು ಬೇರೆ ದಾರಿ, ನಿಮಗೆ ತಿಳಿಯಲ್ಲ. ಹೊಸದಾಗಿ ಹಾಕು ಅಂತ ಒತ್ತಿ ಮುಂದಕ್ಕೆ ಹೋಗಿ. ಆಮೇಲೆ, ಇಲ್ಲಿ ಹಳೇದು ಒಂದಿದೆ, ಅದನ್ನೇ ದುರಸ್ತಿ ಮಾಡ್ಲಾ ಅಂತ ಎರಡ್ನೇ ಸಲ ಕೇಳುತ್ತೆ. ಆಗ ಹೂಂ ಅನ್ನಿ. ಕಳೆದುಹೋದ ಫೈಲನ್ನಷ್ಟೇ ವಾಪಸ್ ಇಡುತ್ತೆ, ಮನೆಯವರ ಪಾಠ ಮುಟ್ಟಲ್ಲ."

"ಅಲ್ಲೂ ಬೇಡ ಅಂದ್ರೆ?"

"ಎಲ್ಲಾ ಗುಡಿಸಿ ಸಾರಿಸಿ ಹೊಸದು ಹಾಕುತ್ತೆ. ನಿಮ್ಮ ಥರಾನೇ."

ಮನೆಗೆ ಬಂದು ಸಿಡಿ ಹಾಕಿದರು. ಆಕೆ ಹೇಳಿದಂತೆ ನೀಲಿ ಪರದೆ ಬಂತು, ದುರಸ್ತಿ ಬೇಕೇ ಎಂದು ಕೇಳಿತು. ದುರಸ್ತಿಗಾಗಿಯೇ ಬಂದವರು ದುರಸ್ತಿ ಬೇಡ, ಹೊಸದು ಹಾಕು ಎಂದು ಒತ್ತಬೇಕು. ಬೆಳಿಗ್ಗೆಯಿಂದ ಒತ್ತಿದ್ದರ ಫಲ ಕಣ್ಣ ಮುಂದೆಯೇ ಇರುವಾಗ ಬೆರಳು ಏಳಲಿಲ್ಲ. ಅಂಗಡಿಗೆ ಫೋನ್ ಮಾಡಿ ಮತ್ತೊಮ್ಮೆ ಕೇಳಿದರು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿದರು. ಮೂರನೇ ಸಲ ಆಕೆ ಫೋನ್ ಎತ್ತಿದವಳೇ "ಒತ್ತಿ ಸಾರ್" ಎಂದು ಇಟ್ಟುಬಿಟ್ಟಳು. ಒತ್ತಿದರು. ಎರಡನೇ ಪ್ರಶ್ನೆ ಬಂತು. ಅದನ್ನು ಕೋರ್ಟಿನ ಆದೇಶ ಓದುವಂತೆ ಮೇಲಿಂದ ಕೆಳಕ್ಕೆ ಮೂರು ಸಲ ಓದಿ, ದುರಸ್ತಿಯ ಕೀಲಿ ಒತ್ತಿ, ಕಣ್ಣು ಮುಚ್ಚಿಕೊಂಡರು.

ಕಣ್ಣು ಬಿಟ್ಟಾಗ ಪರದೆಯ ಕೆಳಗೆ ಹೆಸರುಗಳು ಓಡುತ್ತಿದ್ದವು. ತಲೆ ಬುಡವಿಲ್ಲದ ಅವೇ ಹೆಸರುಗಳು. ಬೆಳಿಗ್ಗೆ ಮನೆಗೆ ಕಳಿಸಿದವರೆಲ್ಲ ಒಬ್ಬೊಬ್ಬರಾಗಿ ಹಾಜರಿ ಹಾಕುತ್ತ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತಿದ್ದರು. ಸಾಹೇಬರು ಒಂದೊಂದು ಹೆಸರಿಗೂ ತಲೆಯಾಡಿಸಿದರು. ನೂರಕ್ಕೆ ಅರವತ್ತರ ಹತ್ತಿರ ಮಿಷನ್ ನಿಂತಿತು: ಈ ಫೈಲನ್ನು ಸಿಡಿಯಿಂದ ಓದಲಾಗುತ್ತಿಲ್ಲ. ಮತ್ತೆ ಪ್ರಯತ್ನಿಸಲೇ, ಬಿಟ್ಟು ಮುಂದೆ ಹೋಗಲೇ? ಬಿಟ್ಟುಬಿಡು ಎನ್ನಲು ಕೈ ತಾನಾಗಿ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಂಡು, ಸಿಡಿ ತೆಗೆದು, ಬನಿಯನ್ನಿನ ಅಂಚಿನಲ್ಲಿ ನಡುವಿನಿಂದ ಹೊರಕ್ಕೆ ಮೆಲ್ಲಗೆ ಒರೆಸಿ, ಮತ್ತೆ ಹಾಕಿದರು. ಹೀಗೆ ನಾಲ್ಕು ಸಲ. ಐದನೇ ಸಲಕ್ಕೆ ಓದಿತು. ನಾಲ್ಕು ಗಂಟೆಯ ಹೊತ್ತಿಗೆ ಕಂಪ್ಯೂಟರ್ ಎಂದಿನ ರಾಗ ಹಾಡಿ ಎಚ್ಚರವಾಯಿತು. ಸಾಹೇಬರ ಕಣ್ಣಲ್ಲಿ ನೀರು ಬಂತು. ನಿವೃತ್ತಿಯ ದಿನವೂ ಬಂದಿರಲಿಲ್ಲ.

ಪಾಠಗಳನ್ನು ಎಣಿಸಿದರು. ಹನ್ನೆರಡೂ ಇದ್ದವು. ಖಾತ್ರಿಗಾಗಿ ಒಂದೊಂದನ್ನೂ ಅಲ್ಲಲ್ಲಿ ಕೇಳುತ್ತ ಹೋದರು. ಒಂಬತ್ತಕ್ಕೆ ಬಂದರು, ರಜೆಯ ನಿಯಮಗಳ ಪಾಠ. ಹನ್ನೊಂದು ನಿಮಿಷ ಟೀಚರ ಧ್ವನಿ ತೊಳೆದಿಟ್ಟ ಲೋಟದಂತೆ ಸ್ವಚ್ಛವಾಗಿತ್ತು. ಆಮೇಲೆ ಬೀರುವಿನ ಬಾಗಿಲು ಕಿರುಗುಟ್ಟಿತು. ಗಂಡಸಿನ ಧ್ವನಿ: "ಟೀ ಪುಡಿ ಡಬ್ಬ ಯಾವುದೇ?"

"ಅದರ ಮೇಲೆ ನೀವೇ ಚೀಟಿ ಅಂಟಿಸಿದ್ದೀರಲ್ಲ."

"ಏನಂತ?"

"ಟೀ ಪುಡಿ ಅಂತ."

ಒಂದು ನಿಟ್ಟುಸಿರು, ಅಲ್ಲಿಗೆ ಪಾಠ ಮುಗಿಯಿತು. 'ಪಾಠ ೯ ಮತ್ತೆ' ಎಂಬುದನ್ನು ಅವಳು ಯಾಕೆ ಓದಿದಳೆಂದು ಆಗ ತಿಳಿಯಿತು. ಅದನ್ನು ವಾಪಸ್ ತರುವ ಸಿಡಿ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಕೆಡಿಸಿದವರೂ ತಾವೇ, ಸರಿಯಾದದ್ದನ್ನು ಅಳಿಸಿದವರೂ ತಾವೇ. ಇಲ್ಲೂ ಎರಡು ಸಹಿ.

ಶುಕ್ರವಾರ ಸಂಜೆ ಟೀಚರ್ ಬಂದರು. ಅವರು ಬಾಯಿ ತೆರೆದಾಗ ಗಾಳಿಯಷ್ಟೇ ಹೊರಗೆ ಬಂತು. ಅಕ್ಕನಿಗೆ ಕಿವಿ ಮಂದ, ಎರಡು ದಿನ ಕೂಗಿ ಕೂಗಿ ಗಂಟಲು ಪೂರ್ತಿ ಕೂತುಹೋಗಿತ್ತು, ಮೇಲೆ ಜ್ವರ ಬೇರೆ. ಬೈಯಲು ಸ್ವರವಿಲ್ಲದವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ ಎಂದು ಸಾಹೇಬರು ತಿಳಿದಿದ್ದರು. ಟೀಚರ್ ಎಲ್ಲ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಟ್ಟರು: 'ಒಂಬತ್ತು ನೀವೇ ಓದಿ.' ಅಷ್ಟೇ. ಬೈಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ಶನಿವಾರ ಬೆಳಿಗ್ಗೆ ಟೀಚರ್ ಮಾತ್ರೆ ನುಂಗಿ ಮಲಗಿದ್ದಾಗ ಸಾಹೇಬರು ಬೀರು ಹೊಕ್ಕರು. ಮೊಣಕಾಲು ಎದೆಗೆ ಬಂತು, ಸ್ವೆಟರಿನ ತೋಳೊಂದು ಬಂದು ಕೆನ್ನೆ ಸವರಿತು. ಓದಲು ಶುರು ಮಾಡಿದರು. ರಜೆಯ ನಿಯಮ ಅವರಿಗೆ ನೀರು ಕುಡಿದಷ್ಟು ಸಲೀಸು, ಮೂವತ್ತೈದು ವರ್ಷ ಅದರಲ್ಲೇ ಬದುಕಿದವರು. ಅಲ್ಲೇ ಎಡವಿದ್ದು. ಯಾವ ಉಪನಿಯಮ ಬಳಕೆಯಲ್ಲಿದೆ, ಯಾವುದು ಸುಮ್ಮನೆ ಪುಸ್ತಕದಲ್ಲಿ ಕೂತಿದೆ ಎಂದು ಅವರಿಗೆ ಗೊತ್ತಲ್ಲ. ಮನೆಯಲ್ಲಿ ಸೋಂಕು ರೋಗವಿದ್ದರೆ ಸಿಗುವ ರಜೆಯನ್ನು ಅವರ ಕಾಲದಲ್ಲಿ ಒಬ್ಬರೂ ಕೇಳಿರಲಿಲ್ಲ. ಅದನ್ನು ಬಿಟ್ಟರು. ಹಡಗಿನಲ್ಲಿ ಪ್ರಯಾಣ ಮಾಡುವವರ ರಜೆ, ಬಿಟ್ಟರು. ಅಡಿಟಿಪ್ಪಣಿಗಳನ್ನು ಯಾರು ಓದುತ್ತಾರೆ, ಅವನ್ನೂ ಬಿಟ್ಟರು. ಪಾಪ, ಆಯಮ್ಮನಿಗೆ ಕೇಳಬೇಕಾದ್ದು ಕಡಿಮೆಯಾಗಲಿ ಎಂದು ಮನಸ್ಸಿನಲ್ಲೇ ಉಪಕಾರದ ಲೆಕ್ಕವೂ ಹಾಕಿಕೊಂಡರು. ಹೊರಗೆ ಬಂದಾಗ ಬೆವರಿನಲ್ಲಿ ತೊಯ್ದಿದ್ದರು, ಮುಖದಲ್ಲಿ ಗೆಲುವಿತ್ತು.

ಸಂಜೆ ಐದಕ್ಕೆ ಆಪರೇಟರಮ್ಮ ಬಂದರು. ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ, ಗೊತ್ತಿದ್ದ ಕುರ್ಚಿಯಲ್ಲಿ ಕೂತು, ಸಾಹೇಬರು ತುಂಬಿಕೊಟ್ಟ ಪೆನ್‌ಡ್ರೈವನ್ನು, ಪಾಠದ ಅವಧಿಯನ್ನೂ ಕಿವಿಯಲ್ಲಿ ಹೇಳುವ ತಮ್ಮ ಪುಟ್ಟ ಯಂತ್ರಕ್ಕೆ ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಟೀಚರ್ ಶಾಲು ಹೊದ್ದು ಮಂಚದ ಮೇಲೆ ಎದ್ದು ಕೂತಿದ್ದರು.

"ಟೀಚರ್‌ಗೆ ಗಂಟಲು ಕೆಟ್ಟಿದ್ದಕ್ಕೆ ಒಂಬತ್ತನೇದು ನೀವು ಓದಿದ್ರಂತೆ," ಎಂದರು ಆಪರೇಟರಮ್ಮ. ಸಾಹೇಬರು ಫೋನಿನಲ್ಲಿ ಹಾಗೆಂದೇ ಹೇಳಿದ್ದರು. "ಎಷ್ಟು ಒಳ್ಳೆಯವರು ಸಾರ್ ನೀವು."

ಸಾಹೇಬರು ಹಲ್ಲು ಕಿರಿದರು. ಟೀಚರ್ ತಲೆ ತಗ್ಗಿಸಿ ಶಾಲಿನ ಅಂಚನ್ನು ನೋಡುತ್ತಿದ್ದರು. ಆಪರೇಟರಮ್ಮನ ಬೆರಳು ಅವರ ಪುಟ್ಟ ಯಂತ್ರದ ಮೇಲೆ ಓಡಿ ನಿಂತಿತು.

"ಇಪ್ಪತ್ತಾರೇ ನಿಮಿಷ? ಟೀಚರ್ ಓದಿದ್ದು ಯಾವುದೂ ನಲವತ್ತೈದಕ್ಕೆ ಕಡಿಮೆ ಇಲ್ಲ. ಬೇಗ ಬೇಗ ಓದಿದ್ರಾ?"

ಹೌದು ಎಂದರೆ ಮುಗಿಯಿತು. ಬಾಯಿಗೆ ಬಂದೇ ಬಿಟ್ಟಿತ್ತು. ಸಾಹೇಬರು ಹೆಂಡತಿಯ ಕಡೆ ನೋಡಿದರು. ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಇಬ್ಬರು, ಅದನ್ನು ಹೇಳುವಷ್ಟು ಸ್ವರವಿದ್ದವರು ಒಬ್ಬರೇ.

"ಇಲ್ಲಮ್ಮ," ಎಂದರು. "ಬೇಡ ಅನ್ನಿಸಿದ್ದನ್ನ ಬಿಟ್ಟೆ. ಗಂಟಲು ಕೆಟ್ಟಿದ್ದು ನಿಜ, ಆದ್ರೆ ಕಾರಣ ಅದಲ್ಲ. ಅವಳು ಪೂರ್ತಿ ಓದಿಟ್ಟಿದ್ಲು. ನಾನು ಅಳಿಸಿಹಾಕಿದೆ. ಕಂಪ್ಯೂಟರನ್ನೂ ಕೆಡಿಸಿದ್ದೆ, ಅದನ್ನ ಹೇಗೋ ಸರಿ ಮಾಡಿದೆ. ಇದನ್ನ ಆಗ್ಲಿಲ್ಲ."

ಆಪರೇಟರಮ್ಮ ಇಯರ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಸಿಟ್ಟು ಮಾಡಲಿಲ್ಲ. ಯಾವುದೋ ನಂಬರು ಹೇಳುವವರಂತೆ ನಿಧಾನವಾಗಿ ಹೇಳಿದರು.

"ನನಗೆ ಯಾವುದು ಬೇಕು, ಯಾವುದು ಬೇಡ ಅಂತ ಎಲ್ರೂ ಅವರವರೇ ಆರಿಸಿ ಕೊಡ್ತಾರೆ ಸಾರ್. ಪತ್ರಿಕೆ ಓದಿ ಅಂದ್ರೆ ಮುಖ್ಯವಾದ್ದು ಏನಿಲ್ಲ ಬಿಡಿ ಅಂತಾರೆ. ಕಾಗದ ಓದಿ ಅಂದ್ರೆ, ಎಲ್ಲಾ ಚೆನ್ನಾಗಿದ್ದಾರಂತೆ ಅಂತ ಮಡಚಿ ಕೈಗಿಡ್ತಾರೆ. ಟೀಚರ್ ಒಬ್ರೇ ಇದ್ದಿದ್ದನ್ನ ಇದ್ದ ಹಾಗೆ ಓದೋರು. ಅದಕ್ಕೇ ಎರಡು ಬಸ್ ಹಿಡಿದು ಇಲ್ಲಿಗೆ ಬರೋದು."

ಸಾಹೇಬರಿಗೆ ತಮ್ಮನ್ನು ನೋಡಿ ನಗುವ ಅಭ್ಯಾಸವಿತ್ತಲ್ಲ, ಆ ನಗು ಈಗ ಎಲ್ಲಿ ಹುಡುಕಿದರೂ ಸಿಗಲಿಲ್ಲ. ತುಂಬ ನಾಚಿಕೆಯಾಯಿತು. "ಒಂದು ಗಂಟೆ ಕೂತಿರ್ತೀರಾಮ್ಮ?" ಎಂದು ಕೇಳಿ, ಪುಸ್ತಕ ತೆಗೆದುಕೊಂಡು ಬೀರುವಿನೊಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಮೊದಲ ಸಾಲಿನಿಂದ ಓದಿದರು. ಸೋಂಕು ರೋಗದ ರಜೆ ಓದಿದರು, ಹಡಗಿನವರ ರಜೆ ಓದಿದರು, ಇರುವೆ ಸಾಲಿನಂಥ ಅಕ್ಷರದ ಅಡಿಟಿಪ್ಪಣಿಗಳನ್ನೆಲ್ಲ ಓದಿದರು. ಒಂದು ಕಡೆ ಅಚ್ಚಿನ ತಪ್ಪಿತ್ತು, ಅದನ್ನು ಇದ್ದಂತೆ ಓದಿ, ಇದು ಅಚ್ಚಿನ ತಪ್ಪಿರಬೇಕು ಎಂದೂ ಹೇಳಿದರು. ನಾಲ್ಕು ಸಲ ಧ್ವನಿ ಕೈಕೊಟ್ಟಿತು, ನೀರು ಕುಡಿದು ಮುಂದುವರಿಸಿದರು.

ಹೊರಗೆ ಬಂದಾಗ ಬೀದಿ ದೀಪ ಹತ್ತಿತ್ತು. ಟೀಚರ್ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಆಪರೇಟರಮ್ಮ ಯಂತ್ರಕ್ಕೆ ಸಿಕ್ಕಿಸಿ ಬೆರಳಾಡಿಸಿದರು.

"ಐವತ್ತೆಂಟು ನಿಮಿಷ," ಎಂದರು. ಆಮೇಲೆ ಕೇಳಿದರು, "ಉಳಿದ ಹನ್ನೊಂದನ್ನ ನೀವು ಮುಟ್ಟಿಲ್ಲ ತಾನೇ ಸಾರ್?"

"ಇಲ್ಲಮ್ಮ."

ಆಪರೇಟರಮ್ಮ ತಲೆಯಾಡಿಸಿದರು. ಆದರೂ ಏಳಲಿಲ್ಲ. ಒಂದನೇ ಪಾಠದಿಂದ ಶುರು ಮಾಡಿ, ಪ್ರತಿಯೊಂದರ ಮೊದಲು, ನಡು, ಕೊನೆ ಮೂರನ್ನೂ ಕೇಳಿ ನೋಡುತ್ತ ಹೋದರು. ಸಾಹೇಬರು ಅವರ ಎದುರು ನಿಂತೇ ಇದ್ದರು, ಕೂರಲು ಮನಸ್ಸಾಗಲಿಲ್ಲ. ಅವಮಾನವೂ ಆಗಲಿಲ್ಲ. ಹನ್ನೆರಡನೆಯದು ಮುಗಿಯುವವರೆಗೂ ಹಾಗೇ ಕಾದರು.